ಸಣ್ಣ ರಂಧ್ರದಿಂದ ಮೂತ್ರಪಿಂಡದ ಶಸ್ತ್ರಕ್ರಿಯೆ

ಇಳಕಲ್ಲಿನ ನೇಕಾರನು ಕುಣಿಮಗ್ಗದಲ್ಲಿ ಕುಳಿತು ಲಾಳಿ ಓಡಿಸುವಾಗಲೂ ಹುನಗುಂದದ ರೈತನು ಎರೆಯ ಹೊಲದಲ್ಲಿ ಬಾಗಿ ದುಡಿಯುವಾಗಲೂ ಪಕ್ಕೆಯ ಸ್ನಾಯುಗಳು ಎಡೆಬಿಡದೆ ಕೆಲಸಮಾಡುತ್ತವೆ. ಈ ಸ್ನಾಯುಗಳ ಗೋಡೆಯ ಒಳಗಡೆ, ಬೆನ್ನೆಲುಬಿನ ಎರಡು ಮಗ್ಗುಲಲ್ಲಿ ಮೂತ್ರಪಿಂಡಗಳುಂಟು. ಕೆಟ್ಟುಹೋದ ಮೂತ್ರಪಿಂಡವನ್ನು ತೆಗೆಯಬೇಕಾದರೂ, ತಾಯಿಯೊಬ್ಬಳು ಮಗನಿಗೆ ತನ್ನದೊಂದನ್ನು ಕೊಡಬೇಕಾದರೂ ಈ ಗೋಡೆಯನ್ನು ದಾಟಲೇಬೇಕು. ಎಷ್ಟು ಕಡಿಮೆ ಕೊಯ್ದು ದಾಟಬಹುದು? ದುಡಿದು ಉಣ್ಣುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ.

1869ರಲ್ಲಿ ಹೈಡೆಲ್‌ಬರ್ಗಿನ ಗುಸ್ಟಾವ್ ಸೈಮನ್ ಎಂಬ ವೈದ್ಯನು ರೋಗಿಯೊಬ್ಬಳ ಮೂತ್ರಪಿಂಡವನ್ನು ತೆಗೆದು, ಮನುಷ್ಯರು ಉಳಿದ ಒಂದರಿಂದಲೇ ಬದುಕಬಲ್ಲರೆಂದು ತೋರಿಸಿದನು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಪಕ್ಕೆಯಲ್ಲಿ ಸುಮಾರು ಗೇಣುದ್ದ ಕೊಯ್ಯುವುದೇ ರೂಢಿಯಾಗಿದ್ದಿತು. ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆಯಬೇಕಾಗುತ್ತಿತ್ತು. ಅಂಗವಾದರೋ ಸುಮಾರು 150 ಗ್ರಾಂ ತೂಕದ್ದು! ಕೊನೆಗೆ 1990ರ ಜೂನ್ 25ರಂದು ಅಮೆರಿಕದ ಸೇಂಟ್ ಲೂಯಿಸಿನಲ್ಲಿ ರಾಲ್ಫ್ ಕ್ಲೇಮನ್ ಮತ್ತು ಸಂಗಡಿಗರು 85 ವರ್ಷದ ವೃದ್ಧೆಯೊಬ್ಬಳ ಮೂತ್ರಪಿಂಡವನ್ನು ಸಣ್ಣ ರಂಧ್ರಗಳ ಮೂಲಕವೇ ಹೊರತೆಗೆದರು.

ಬಾದಾಮಿಯ ಗುಹೆಯೊಳಗಿನ ಶಿಲ್ಪವನ್ನು ನೋಡಲು ನಮಗೆ ನಿಲ್ಲುವಷ್ಟು ಎಡೆಯೂ ಬೆಳಕೂ ಬೇಕಷ್ಟೆ. ಉದರದಲ್ಲಿಯೂ ಹಾಗೆಯೇ. ಎಡೆಯನ್ನು ಇಂಗಾಲದ ಡೈಆಕ್ಸೈಡ್ ಅನಿಲವು ಒದಗಿಸುತ್ತದೆ. ಅದರ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಪಾದರಸದ 12ರಿಂದ 15 ಮಿಲಿಮೀಟರಿನಷ್ಟು ಮಾತ್ರ ಹೆಚ್ಚು; ಎಂದರೆ ಸುಮಾರು 20 ಸೆಂಟಿಮೀಟರ್ ನೀರಿನ ಒತ್ತಡ. ಗಾಳಿಯನ್ನೇ ಏಕೆ ತುಂಬಬಾರದು? ಇಂಗಾಲದ ಡೈಆಕ್ಸೈಡ್ ಉರಿಯದು. ವಿದ್ಯುತ್ತಿನಿಂದ ರಕ್ತಸ್ರಾವವನ್ನು ತಡೆಯುವೆಡೆ ಇದು ಮುಖ್ಯ. ಮೇಲಾಗಿ ಅದು ರಕ್ತದಲ್ಲಿ ಬೇಗನೆ ಕರಗಿ, ಉಸಿರಿನೊಡನೆ ಹೊರಬೀಳುತ್ತದೆ. ಬೆಳಕು ಗಾಜಿನ ಎಳೆಗಳೊಳಗೆ ಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತ ಒಳಸೇರುತ್ತದೆ. ಇಂತಹ ಎಳೆಗಳ ಕಟ್ಟಿನಿಂದ ಬಿಂಬವನ್ನು ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ.

ಇನ್ನು ಉಪಕರಣಗಳು. ಕಲ್ಲುಗಣಿಯಲ್ಲಿ ಹಾರೆಯಿಂದ ಬಂಡೆಯನ್ನು ಮೀಟುವವರನ್ನು ನಾವು ನೋಡಿದ್ದೇವೆ: ಕೈ ಕೆಳಗಿಳಿದರೆ ಹಾರೆಯ ತುದಿ ಮೇಲೇಳುತ್ತದೆ. ಇಲ್ಲಿ ಉದರದ ಗೋಡೆಯೇ ಸನ್ನೆಕೋಲಿನ ಆಧಾರಬಿಂದು. ಶಸ್ತ್ರವೈದ್ಯನ ಕೈ ಎಡಕ್ಕೆ ಸರಿದರೆ ಒಳಗಿನ ತುದಿ ಬಲಕ್ಕೆ ಸರಿಯುವುದು. ಪರದೆಯ ಮೇಲಿನ ಚಿತ್ರವನ್ನು ನೋಡುತ್ತ ಆತನು ಈ ತಲೆಕೆಳಗಾದ ಚಲನೆಯನ್ನು ಅಭ್ಯಾಸಮಾಡಿಕೊಳ್ಳಬೇಕು. ಆತನು ಮೊದಲು ಅಪಧಮನಿಯನ್ನೂ ಬಳಿಕ ಅಭಿಧಮನಿಯನ್ನೂ ಬಿಗಿದು ಕತ್ತರಿಸುತ್ತಾನೆ. ರಕ್ತ ಒಳಬರುವ ದಾರಿಯನ್ನು ಮುಚ್ಚದೆ ಹೊರಹೋಗುವ ದಾರಿಯನ್ನು ಮುಚ್ಚಿದರೆ ಅಂಗವು ಉಬ್ಬಿಕೊಳ್ಳುವುದಷ್ಟೆ. ರೋಗದ ಮೂತ್ರಪಿಂಡವನ್ನು ಚೀಲವೊಂದರಲ್ಲಿಟ್ಟು ಹೊರತರುತ್ತಾರೆ. ಇಡಿಯಾಗಿ ತರಬೇಕಾದರೆ ಒಂದು ರಂಧ್ರವನ್ನು ಕೆಲವು ಸೆಂಟಿಮೀಟರ್ ಹಿಗ್ಗಿಸಬೇಕಾಗುತ್ತದೆ.

1995ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ದಾನಿಯ ಮೂತ್ರಪಿಂಡವನ್ನೂ ಈ ವಿಧಾನದಿಂದ ತೆಗೆಯಲಾಯಿತು. ದಾನಿಯು ರೋಗಿಯಲ್ಲ, ಪರರ ಪ್ರಾಣಕ್ಕಾಗಿ ನೋವನ್ನು ಒಪ್ಪಿಕೊಂಡ ಆರೋಗ್ಯವಂತ. ಆತನ ನೋವು ತಗ್ಗಿ, ಆತನು ಬೇಗನೆ ದುಡಿಮೆಗೆ ಮರಳುವಂತಾದುದೇ ಈ ವಿಧಾನದ ದೊಡ್ಡ ಲಾಭ.

ಆದರೂ ಎಲ್ಲರಿಗೂ ಇದು ಒಗ್ಗದು. ಗೆಡ್ಡೆ ಬಹಳ ದೊಡ್ಡದಾಗಿದ್ದರೆ, ಸೋಂಕಿನಿಂದ ಅಂಗವು ಸುತ್ತಲಿಗೆ ಅಂಟಿಕೊಂಡಿದ್ದರೆ, ಹಠಾತ್ತನೆ ರಕ್ತ ಸುರಿದರೆ, ಹಳೆಯ ರೀತಿಯಲ್ಲಿ ಕೊಯ್ಯುವುದೇ ಕ್ಷೇಮ. ಅದು ವೈದ್ಯನ ಸೋಲಲ್ಲ, ವಿವೇಕ. ಗಾಯ ಚಿಕ್ಕದಾಗಬೇಕೆಂಬುದು ನಿಜ. ರೋಗಿ ಉಳಿಯಬೇಕೆಂಬುದು ಅದಕ್ಕಿಂತ ಮೊದಲಿನ ಮಾತು.