ಆದಿಕಾಂಡವೂ ವಿಜ್ಞಾನದ ಪಾಠವೂ

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಧರ್ಮೋಪದೇಶದ ತರಗತಿಯಲ್ಲಿದ್ದೆವು. ಆದಿಕಾಂಡದ ಮೊದಲ ಅಧ್ಯಾಯಗಳ ಪಾಠ ನಡೆದಿತ್ತು. ಪ್ರೌಢಶಾಲೆಯಲ್ಲಿ ಓದುವ ಬಾಲಕಿಯೊಬ್ಬಳು ಎದ್ದು ನಿಂತು, “ಫಾದರ್, ದೇವರು ಮಣ್ಣಿನಿಂದ ಮನುಷ್ಯಾನ್ನ ಮಾಡ್ಯಾನಂತ ನೀವು ಹೇಳ್ತೀರಿ. ಮಂಗ್ಯಾನಿಂದ ಆಗ್ಯಾನಂತ ಸಾಲ್ಯಾಗ ಹೇಳ್ತಾರ. ಯಾವುದು ಖರೇ ಐತ್ರಿ?” ಎಂದು ಕೇಳಿದಳು. ಬಾಗಿಲ ಬಳಿ ನಿಂತಿದ್ದ ಆಕೆಯ ತಂದೆ ಗದರಿಸಿ ಮಗಳನ್ನು ಕೂರಿಸಿದರು. ಮಗು ಕುಳಿತಿತು; ಪ್ರಶ್ನೆ ಮಾತ್ರ ನಿಂತೇ ಇತ್ತು.

ಇದು ಗದರಿಕೆಗೆ ಅಡಗುವ ಪ್ರಶ್ನೆಯಲ್ಲ. ಉತ್ತರ ದೊರೆಯದ ಮಗು ವಿಶ್ವಾಸಕ್ಕಾಗಿ ವಿದ್ಯೆಯನ್ನು ಶಂಕಿಸುತ್ತದೆ, ಇಲ್ಲವೇ ವಿದ್ಯೆಗಾಗಿ ವಿಶ್ವಾಸವನ್ನು ತೊರೆಯುತ್ತದೆ. ಎರಡೂ ನಷ್ಟವೇ.

ನಾವು ಆಕೆಗೆ ರಾಯಚೂರು ಕೋಟೆಯ ಗೋಡೆಯನ್ನು ನೆನಪಿಸಿದೆವು. ಅಲ್ಲಿ ಸುಮಾರು 41 ಅಡಿ ಉದ್ದದ ಒಂದು ಹೆಬ್ಬಂಡೆಯಿದೆ. ಅದರ ಮೇಲಿನ ಶಾಸನ, 1294ರಲ್ಲಿ ಆ ಕೋಟೆಯನ್ನು ಕಟ್ಟಿಸಿದವರು ಯಾರೆಂದು ಹೇಳುತ್ತದೆ. ಆ ಬಂಡೆಯನ್ನು ಕೋಣಗಳ ಸಾಲು ಬಂಡಿಯ ಮೇಲೆ ಎಳೆದು ತಂದ ಬಗೆಯ ಕೆತ್ತನೆಯೂ ಅಲ್ಲಿಯೇ ಇದೆ. ಶಾಸನವು ‘ಯಾರು’ ಎಂಬುದಕ್ಕೆ ಉತ್ತರ, ಕೆತ್ತನೆಯು ‘ಹೇಗೆ’ ಎಂಬುದಕ್ಕೆ ಉತ್ತರ. ಕೋಣಗಳು ಎಳೆದವೆಂದ ಮಾತ್ರಕ್ಕೆ ಕಟ್ಟಿಸಿದವನು ಇಲ್ಲವೆಂದಾಗದು. ಕಟ್ಟಿಸಿದವನಿದ್ದನೆಂದ ಮಾತ್ರಕ್ಕೆ ಕೋಣಗಳು ಸುಳ್ಳಾಗವು. ತತ್ವಶಾಸ್ತ್ರದಲ್ಲಿ ಇದನ್ನೇ ಮೂಲಕಾರಣ ಮತ್ತು ಉಪಕಾರಣ ಎನ್ನುತ್ತೇವೆ. ದೇವರು ತಾನು ಸೃಷ್ಟಿಸಿದ ವಸ್ತುಗಳಿಗೂ ಕಾರಣಗಳಾಗುವ ಗೌರವವನ್ನು ದಯಪಾಲಿಸಿದ್ದಾರೆಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ.

ಧರ್ಮಸಭೆಯ ನಿಲುವೂ ಇದಕ್ಕೆ ಅನುಗುಣವಾಗಿದೆ. ಮಾನವ ಶರೀರದ ವಿಕಾಸದ ಕುರಿತು ವಿದ್ವಾಂಸರು ಸಂಶೋಧಿಸಲು ಅಡ್ಡಿಯಿಲ್ಲ, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಜಗದ್ಗುರು ಹನ್ನೆರಡನೆಯ ಪಿಯುಸರು 1950ರ ವಿಶ್ವಪತ್ರದಲ್ಲಿ ತಿಳಿಸಿದರು. ವಿಕಾಸವಾದವು ಕೇವಲ ಊಹೆಯಾಗಿ ಉಳಿದಿಲ್ಲವೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1996ರಲ್ಲಿ ಒಪ್ಪಿದರು. ಸೃಷ್ಟಿಗೂ ವಿಕಾಸಕ್ಕೂ ವಿರೋಧವಿಲ್ಲವೆಂದು ಜಗದ್ಗುರು ಫ್ರಾನ್ಸಿಸರು 2014ರಲ್ಲಿ ನುಡಿದರು. ಅಂದಹಾಗೆ, ಮನುಷ್ಯನು ಇಂದಿನ ಮಂಗಗಳಿಂದ ಹುಟ್ಟಿದನೆಂದು ವಿಜ್ಞಾನವು ಹೇಳುವುದಿಲ್ಲ. ಇಬ್ಬರಿಗೂ ಬಹು ಹಿಂದಿನ ಸಮಾನ ಪೂರ್ವಜರಿದ್ದರೆಂದಷ್ಟೇ ಹೇಳುತ್ತದೆ.

ಆದರೆ ಈಗ ಇನ್ನೊಂದು ಚಿಂತೆ ಎದುರಾಗಿದೆ. ಪಠ್ಯದ ಹೊರೆ ಇಳಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿಯು 2022ರಲ್ಲಿ ಹತ್ತನೆಯ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಭಾಗವನ್ನು ಕೈಬಿಡಲು ತೀರ್ಮಾನಿಸಿತು. 2023ರ ಪುಸ್ತಕದಲ್ಲಿ ‘ಅನುವಂಶೀಯತೆ’ ಮಾತ್ರ ಉಳಿಯಿತು. ಆ ವರ್ಷದ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಮಾಡಿ ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠವಿದೆಯೆಂಬುದು ಸಮರ್ಥನೆ. ಆದರೆ ದೇವದುರ್ಗದ ಎಷ್ಟು ಮಕ್ಕಳು ಆ ಮೆಟ್ಟಿಲನ್ನು ಮುಟ್ಟುತ್ತಾರೆ? ಎಸ್‌ಎಸ್‌ಎಲ್‌ಸಿಯ ನಂತರ ಕಲೆ, ವಾಣಿಜ್ಯ, ಐಟಿಐ ಸೇರುವವರಿದ್ದಾರೆ; ಹೆತ್ತವರೊಡನೆ ಗುಳೆ ಹೋಗುವವರಿದ್ದಾರೆ. ಅವರಿಗೆ ಹತ್ತನೆಯ ತರಗತಿಯೇ ವಿಜ್ಞಾನದ ಕೊನೆಯ ಬಾಗಿಲು.

ಇದರಿಂದ ನಮ್ಮ ವಿಶ್ವಾಸಕ್ಕೆ ಲಾಭವಾಯಿತೆಂದು ಯಾರಾದರೂ ಸಂತೋಷಪಟ್ಟರೆ ಅದು ತಪ್ಪು. ಅನುವಂಶೀಯತೆಯ ಆ ಪಾಠವು ಪರಿಚಯಿಸುವ ಗ್ರೆಗೊರ್ ಮೆಂಡೆಲ್, ಮಠದ ತೋಟದಲ್ಲಿ ಬಟಾಣಿ ಬೆಳೆದು 1866ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದ ಅಗಸ್ಟೀನಿಯನ್ ಸಭೆಯ ಗುರುಗಳು. ಸತ್ಯವನ್ನು ಮರೆಮಾಡಿ ಉಳಿಸಿಕೊಳ್ಳುವ ವಿಶ್ವಾಸವು ವಿಶ್ವಾಸವಲ್ಲ, ಭಯ.

ಆದಕಾರಣ ನಮ್ಮ ಶಾಲೆಗಳ ಶಿಕ್ಷಕರಲ್ಲಿ ನಮ್ಮ ವಿನಂತಿ: ವಿಜ್ಞಾನದ ತರಗತಿಯಲ್ಲಿ ವಿಜ್ಞಾನವನ್ನೇ ಪೂರ್ಣವಾಗಿ ಬೋಧಿಸಿರಿ. ಪುಸ್ತಕದಲ್ಲಿಲ್ಲದಿದ್ದರೂ ಮಕ್ಕಳು ಕೇಳಿದಾಗ ವಿವರಿಸಿರಿ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಸಂವಿಧಾನವು ವಿಧಿಸಿರುವ ಮೂಲಭೂತ ಕರ್ತವ್ಯ. ಆದಿಕಾಂಡವನ್ನು ಭೂಗರ್ಭಶಾಸ್ತ್ರದ ಗ್ರಂಥವನ್ನಾಗಿಸುವುದು ಬೇಡ. ಹಾಗೆಯೇ, ಜೀವವಿಕಾಸವು ದೇವರಿಲ್ಲವೆಂದು ಸಾಧಿಸಿತೆಂದು ಹೇಳುವುದೂ ಬೇಡ. ಅದು ವಿಜ್ಞಾನವು ತನ್ನ ಗಡಿ ದಾಟಿ ಆಡುವ ಮಾತು. ನಾವು ಯಾರ ಮಕ್ಕಳು, ಯಾತಕ್ಕಾಗಿ ಬದುಕಬೇಕು ಎಂಬುದನ್ನು ಮನೆಯ ಪ್ರಾರ್ಥನೆಯಲ್ಲಿ, ಧರ್ಮೋಪದೇಶದಲ್ಲಿ ಕಲಿಸೋಣ.

ಅಂದು ತರಗತಿ ಮುಗಿದ ಮೇಲೆ ಆ ತಂದೆ ನಮ್ಮ ಬಳಿ ಬಂದು, “ಹಂಗಾದ್ರ ಆಕಿ ಕೇಳಿದ್ದು ತಪ್ಪಲ್ಲೇನ್ರಿ, ಫಾದರ್?” ಎಂದರು. ತಪ್ಪಲ್ಲವೆಂದೆವು. ಅವರು ಮಗಳ ತಲೆ ನೇವರಿಸಿ, ಕೈಹಿಡಿದು ಕರೆದುಕೊಂಡು ಹೋದರು. ಪ್ರಿಯ ಕ್ರೈಸ್ತ ಬಾಂಧವರೇ, ನಿಮ್ಮ ಮನೆಯ ಮಗು ಇಂಥ ಪ್ರಶ್ನೆ ಕೇಳಿದಾಗ ಕೂರಿಸಬೇಡಿರಿ. ಕೇಳುವ ಬುದ್ಧಿಯನ್ನು ಕೊಟ್ಟವರೂ ದೇವರೇ.