ನಮ್ಮ ಮನೆಯ ಪ್ರಜಾಗರ ಪರ್ವ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿಸ್ತರಿಸಿ ಬರೆಸಿದ್ದೇನೆ. ಅದಕ್ಕೊಂದು ಅಪವಾದ ನನ್ನ ಮನೆಯಲ್ಲೇ ಹುಟ್ಟೀತೆಂದು ಎಣಿಸಿರಲಿಲ್ಲ. ಏಳು ವರ್ಷದ ನನ್ನ ಮಗನಿಗೆ ಸಾಲವಿಲ್ಲ, ಸಂಸಾರದ ತಾಪತ್ರಯವಿಲ್ಲ, ನಿದ್ದೆಯೂ ಇಲ್ಲ.

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಒಂದು ಉಪಪರ್ವವಿದೆ. ಮಕ್ಕಳು ತಂದಿಟ್ಟ ಕಲಹದಿಂದ ನಿದ್ದೆಗೆಟ್ಟ ಧೃತರಾಷ್ಟ್ರ ರಾತ್ರಿಯಲ್ಲಿ ವಿದುರನನ್ನು ಕರೆಸಿಕೊಳ್ಳುತ್ತಾನೆ. ನಿದ್ದೆ ಬಾರದವರು ಯಾರು ಯಾರೆಂದು ವಿದುರ ಹೇಳುತ್ತಾನೆ: ಬಲಿಷ್ಠನಿಗೆ ಸಿಕ್ಕಿಬಿದ್ದ ದುರ್ಬಲ, ಸೊತ್ತು ಕಳೆದುಕೊಂಡವನು, ಕಾಮಿ, ಕಳ್ಳ. ಆ ಪಟ್ಟಿಯಲ್ಲಿ ಮಾತು ಬಾರದ ಮಗುವಿಲ್ಲ.

ಪುಟ್ಟನಿಗೆ ಮೂರು ವರ್ಷ ತುಂಬಿದಾಗ ವೈದ್ಯರು ಆಟಿಸಂ ಎಂದರು. ಸ್ವಲೀನತೆ ಎಂದು ಕನ್ನಡದಲ್ಲಿ ಕರೆಯುತ್ತಾರೆ. ಮಾತು ಬರಲಿಲ್ಲ. ಐದನೆಯ ವರ್ಷದಿಂದ ನಿದ್ದೆಯೂ ದೂರವಾಯಿತು. ಒಂಬತ್ತಕ್ಕೆ ಹಾಸಿಗೆ ಹಾಸಿದರೆ ಹನ್ನೊಂದೂವರೆಯವರೆಗೆ ಹೊರಳಾಟ. ಎರಡೂವರೆಗೆ ಮತ್ತೆ ಎಚ್ಚರ. ಆಮೇಲೆ ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ನಡುಮನೆಗೆ ನಡಿಗೆ. ದಣಿದಾಗ ಗೋಡೆಗೆ ಅಂಗಾಲು ಒತ್ತಿಕೊಂಡು ನೆಲದ ಮೇಲೆ ಮಲಗುತ್ತಿದ್ದ, ಮತ್ತೆ ಏಳುತ್ತಿದ್ದ. ನಾನೂ ನನ್ನಾಕೆಯೂ ಪಾಳಿ ಹಾಕಿಕೊಂಡೆವು. ಹೀಗೆ ಎರಡು ವರ್ಷ ನಡೆಯಿತು.

ಕಾರಣ ಹೇಳುವವರಿಗೆ ಕೊರತೆಯಿರಲಿಲ್ಲ. ನಮ್ಮ ಅಮ್ಮ ದೃಷ್ಟಿಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಹೆತ್ತವಳು ಕೆಲಸಕ್ಕೆ ಹೋಗುವುದೇ ಇದಕ್ಕೆಲ್ಲ ಮೂಲವೆಂದು ನಮ್ಮ ಚಿಕ್ಕಪ್ಪ ತೀರ್ಪಿತ್ತರು. ವೈದ್ಯರೊಬ್ಬರು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ, “ಆಟಿಸಂ ಅಲ್ಲವೇ ಮೇಷ್ಟ್ರೇ, ಈ ಮಕ್ಕಳು ಹಾಗೇ” ಎಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ಅರ್ಧ ದಾರಿಯಲ್ಲಿ ಆ ಉತ್ತರ ನನಗೆ ಪರಿಚಿತವೆನ್ನಿಸಿತು. ವ್ಯಾಕರಣ ಪಾಠದಲ್ಲಿ ಚುರುಕಾದ ಹುಡುಗನೊಬ್ಬ ಉತ್ತರ ತಿಳಿಯದ ಪ್ರಶ್ನೆ ಕೇಳಿದರೆ, “ಅದೊಂದು ಅಪವಾದ” ಎಂದು ನಾನೂ ಬಾಯಿ ಮುಚ್ಚಿಸಿದ್ದುಂಟು. ಅಪವಾದವೆಂಬುದು ಹೆಸರು, ಕಾರಣವಲ್ಲ.

ಹೆತ್ತವಳ ಮೇಲೆ ಹೊರೆ ಹೊರಿಸುವುದು ನಮ್ಮ ಚಿಕ್ಕಪ್ಪನವರು ಕಂಡುಹಿಡಿದ ಪದ್ಧತಿಯೇನೂ ಅಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯ ಹನ್ನೊಂದು ಮಕ್ಕಳ ನಡವಳಿಕೆಯನ್ನು ವಿವರಿಸಿ ಪ್ರಬಂಧ ಪ್ರಕಟಿಸಿದ. ಆಮೇಲೆ, ತಾಯ್ತಂದೆಯರ, ಅದರಲ್ಲೂ ತಾಯಂದಿರ, ಮನಸ್ಸಿನ ಶೈತ್ಯವೇ ಇದಕ್ಕೆ ಕಾರಣವೆಂಬ ಮಾತು ಬಹುಕಾಲ ವಿದ್ವಾಂಸರಲ್ಲೇ ನಡೆಯಿತು. 1964ರಲ್ಲಿ ಪುಸ್ತಕ ಬರೆದು ಅದನ್ನು ಎದುರಿಸಿದ ಬರ್ನಾರ್ಡ್ ರಿಮ್ಲೆಂಡ್ ಮನಶ್ಶಾಸ್ತ್ರಜ್ಞ. ಜೊತೆಗೆ ಇಂಥದೇ ಮಗುವೊಂದರ ತಂದೆ. ಇದರ ಮೂಲ ಮಿದುಳಿನಲ್ಲಿದೆ, ತಾಯಿಯ ಮಡಿಲಿನಲ್ಲಿಲ್ಲ ಎಂದು ಆತ ವಾದಿಸಿದ. ಒಂದು ರಾತ್ರಿ ಪಾಳಿ ಬದಲಾಯಿಸುವ ಹೊತ್ತಿಗೆ ಇದನ್ನು ನನ್ನಾಕೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ನಿಮ್ಮ ಚಿಕ್ಕಪ್ಪನವರಿಗೂ ಓದಿ ಹೇಳಿ” ಎಂದಳು.

ಓದುತ್ತ ಹೋದಂತೆ ಇನ್ನಷ್ಟು ತಿಳಿಯಿತು. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ದೆಯ ತೊಂದರೆಯಿದೆ. ಕತ್ತಲಾಗುತ್ತಲೇ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ, ರಾತ್ರಿಯಾಯಿತೆಂದು ಶರೀರಕ್ಕೆ ಡಂಗುರ ಸಾರುತ್ತದೆ. 1958ರಲ್ಲಿ ಏರನ್ ಲರ್ನರ್ ಮತ್ತು ಸಂಗಡಿಗರು ಬೇರ್ಪಡಿಸಿದ ಈ ರಸದ ಪ್ರಮಾಣ ಇಂಥ ಹಲವು ಮಕ್ಕಳಲ್ಲಿ ಕಡಮೆಯೆಂದು ಕಂಡುಬಂದಿದೆ. ಆದರೆ ಅದೊಂದೇ ಅಲ್ಲ. ಮಲಬದ್ಧತೆ, ಹೊಟ್ಟೆಯ ಹುಳಿ ಮೇಲಕ್ಕೆ ಬರುವುದು, ಹಲ್ಲುನೋವು, ಕಿವಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಅಪಸ್ಮಾರ: ಎಲ್ಲ ಮಕ್ಕಳನ್ನೂ ಎಬ್ಬಿಸುವ ಈ ಬಾಧೆಗಳು ಇವರನ್ನೂ ಎಬ್ಬಿಸುತ್ತವೆ. ಮಾತುಳ್ಳ ಮಗು “ಅಮ್ಮಾ, ನೋವು” ಎನ್ನುತ್ತದೆ. ಮಾತಿಲ್ಲದ ಮಗು ಎದ್ದು ನಡೆಯುತ್ತದೆ. ಅದು ನಮಗೆ ಆಟಿಸಂ ಆಗಿ ಕಾಣುತ್ತದೆ.

ನನ್ನ ವಿದ್ವತ್ತು ಅಲ್ಲಿಗೆ ನಿಂತಿತು. ಮುಂದಿನದನ್ನು ಸಾಧಿಸಿದ್ದು ನನ್ನಾಕೆಯ ನೂರು ಪುಟದ ನೋಟುಬುಕ್ಕು. ಮೂರು ವಾರ ಅವಳು ಪುಟ್ಟ ಮಲಗಿದ ಹೊತ್ತು, ಎದ್ದ ಹೊತ್ತು, ತಿಂದದ್ದು, ಎಚ್ಚರವಿದ್ದಾಗ ಮಾಡಿದ್ದು ಎಲ್ಲವನ್ನೂ ಗೆರೆ ಎಳೆದು ಬರೆದಿಟ್ಟಳು. ಮಕ್ಕಳ ವೈದ್ಯೆಯೊಬ್ಬರು ಅದನ್ನು ತಾಳ್ಮೆಯಿಂದ ಪುಟ ಪುಟವಾಗಿ ಓದಿದರು. ಪ್ರತಿ ರಾತ್ರಿಯ ಎದುರಿಗೂ ಹೆಚ್ಚುಕಡಮೆ ಒಂದೇ ಮಾತಿತ್ತು: ಕಾಲು ಉಜ್ಜಿದ, ಕಾಲು ಒದರಿದ, ಗೋಡೆಗೆ ಕಾಲು ಒತ್ತಿದ.

“ಊಟಕ್ಕೆ ಏನು ತಿಂತಾನಮ್ಮ?”

“ಮೊಸರನ್ನ, ಬಿಸ್ಕತ್ತು. ಬೇರೆ ಏನನ್ನೂ ಮುಟ್ಟೋದಿಲ್ಲ ಡಾಕ್ಟರೇ.”

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಶರೀರದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಮಾತ್ರ 11 ಇತ್ತು. ಕಾಲಿನ ಚಡಪಡಿಕೆಯಿರುವ ಮಕ್ಕಳಲ್ಲಿ ಅದು 50ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ಕಣಜ ಬರಿದಾಗುತ್ತಿದ್ದರೂ ಅಂಗಡಿಯ ಮುಂದೆ ಸರಕು ಜೋಡಿಸಿಟ್ಟಂತೆ ನಮ್ಮ ಪುಟ್ಟನ ಸ್ಥಿತಿ. ಕಬ್ಬಿಣ ಸಾಲದಾದಾಗ ಕೆಲವರಿಗೆ ಸಂಜೆಯಾದಂತೆ ಕಾಲಿನೊಳಗೆ ಏನೋ ಹರಿದಾಡಿದ ಹಾಗಾಗುತ್ತದೆ. ಸುಮ್ಮನೆ ಮಲಗಿದಷ್ಟೂ ಅದು ಹೆಚ್ಚುತ್ತದೆ. ಕಾಲಾಡಿಸಿದರೆ, ನಡೆದರೆ ಮಾತ್ರ ಉಪಶಮನ ಎಂದು ಆ ವೈದ್ಯೆ ವಿವರಿಸಿದರು.

ಅದನ್ನು ಕೇಳುತ್ತಿದ್ದಂತೆ ನನಗೊಂದು ರಾತ್ರಿ ನೆನಪಾಯಿತು. ಮರುದಿನ ಪರೀಕ್ಷೆಯ ಕೆಲಸವಿತ್ತು. ಮೂರು ಗಂಟೆಯಾದರೂ ಮಲಗದ ಮಗುವನ್ನು ಗದರಿಸಿ ಹಾಸಿಗೆಗೆ ಕೆಡವಿ, ಅವನ ಎರಡು ಕಾಲುಗಳನ್ನೂ ನನ್ನ ಕೈಗಳಿಂದ ಅದುಮಿ ಹಿಡಿದಿದ್ದೆ. ಅವನು ಕೂಗಿಕೊಂಡದ್ದನ್ನು ಹಟವೆಂದು ತಿಳಿದೆ. ಬಲಿಷ್ಠನಿಗೆ ಸಿಕ್ಕಿಬಿದ್ದ ದುರ್ಬಲನೆಂಬ ವಿದುರನ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ. ಎರಡು ವರ್ಷ ಅವನು ಕಾಲಿನಿಂದಲೇ ನಮಗೆ ಹೇಳುತ್ತಿದ್ದ. ಓದಲು ಬರೆಯಲು ಕಲಿಸುವ ನನಗೆ ಆ ಲಿಪಿ ಬರುತ್ತಿರಲಿಲ್ಲ.

ವೈದ್ಯೆ ಹೇಳಿದ ಅಳತೆಯಲ್ಲಿ ಮೂರು ತಿಂಗಳು ಕಬ್ಬಿಣದ ಔಷಧ ಕೊಟ್ಟೆವು; ಅಳತೆ ಮೀರಿದರೆ ಅದು ಮಕ್ಕಳಿಗೆ ವಿಷವೆಂದು ಅವರು ಎಚ್ಚರಿಸಿದ್ದರು. ಎರಡನೆಯ ತಿಂಗಳು ಮುಗಿಯುವ ವೇಳೆಗೆ ಎರಡೂವರೆಯ ಎಚ್ಚರ ನಾಲ್ಕೂವರೆಗೆ ಸರಿಯಿತು. ಇದು ಪವಾಡವಲ್ಲ. ಪುಟ್ಟನಿಗೆ ಮಾತು ಬಂದಿಲ್ಲ. ಆಟಿಸಂ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಎಲ್ಲ ಮಕ್ಕಳ ನಿದ್ದೆಗೇಡಿಗೂ ಕಬ್ಬಿಣವೇ ಕಾರಣವೆಂದು ಹೇಳಹೊರಟರೆ ನಾನೂ ಚಿಕ್ಕಪ್ಪನವರ ಸಾಲಿಗೇ ಸೇರುತ್ತೇನೆ. ಮಗುವಿಗೆ ಒಂದು ಹೆಸರು ಸಿಕ್ಕಿದ ಮಾತ್ರಕ್ಕೆ ಅದರ ಹೊಟ್ಟೆ, ಹಲ್ಲು, ಕಾಲುಗಳನ್ನು ವಿಚಾರಿಸುವುದನ್ನು ನಿಲ್ಲಿಸಬಾರದು ಎಂಬಷ್ಟನ್ನು ಮಾತ್ರ ನಾನು ಕಲಿತೆ.

ಕೆಲವು ರಾತ್ರಿ ಅವನು ಈಗಲೂ ಏಳುತ್ತಾನೆ. ಆದರೆ ನಡೆಯುವುದಿಲ್ಲ. ಕತ್ತಲಲ್ಲಿ ನನ್ನ ಕೈಯನ್ನು ಹುಡುಕಿ ಹಿಡಿದು ತನ್ನ ಮೀನಖಂಡದ ಮೇಲಿಡುತ್ತಾನೆ. ನಾನು ಒತ್ತುತ್ತೇನೆ.