ಈ ದಿಮ್ಮಿ ರಕ್ತಚಂದನವೇನಾ?

ತೊಗಟೆ ಇಲ್ಲ, ಎಲೆ ಇಲ್ಲ.
ಬರೀ ಕೆಂಪು ದಿಮ್ಮಿ.
ರಕ್ತಚಂದನ ಅಂತ ಗುರುತಿಸೋದು ಹೇಗೆ?

ನಾಗಲದಿನ್ನೆಯ ತುಂಗಭದ್ರೆ ದಂಡೆ ಬಿಟ್ಟು
ಪೂರ್ವಕ್ಕೆ ಹೋದ್ರೆ ನಲ್ಲಮಲ,
ಇನ್ನೂ ತೆಂಕಕ್ಕೆ ಶೇಷಾಚಲ.
ಈ ಮರ ತಾನಾಗಿ ಬೆಳೆಯೋದು
ಹೆಚ್ಚುಕಮ್ಮಿ ಈ ಕಡೆಯ ಬೆಟ್ಟಗಳಲ್ಲೇ!

ಗುರುತಿಸೋಕೆ ಡಿಎನ್‌ಎ ತಾಳೆ ನೋಡ್ಬೇಕು.
ಮೊದಲು ತಾಳೆಗೆ, ಕಾಡಿನ ರಕ್ತಚಂದನ ಮರದಿಂದ ಒಂದು ಎಳೆ ಎಲೆ.
ನುಣ್ಣಗೆ ಅರೀತಾರೆ.
ಸೋಪಿನ ಗುಣದ ಬಿಸಿ ದ್ರಾವಣ
ಜೀವಕೋಶ ಒಡೆಯುತ್ತೆ.
ಎಲೆಯ ಒಗರು ಇದೆಯಲ್ಲ,
ಅದರದ್ದೇ ದೊಡ್ಡ ಕಾಟ. ತೊಳೆದು ತೆಗೀಬೇಕು.
ಕೊನೆಗೆ ತಣ್ಣನೆ ಆಲ್ಕೋಹಾಲ್.
ನೋಡಿ, ಆದೋನಿ ಹತ್ತಿಯ ಎಳೆ ಥರ
ಡಿಎನ್‌ಎ ತೇಲುತ್ತೆ!

ಆದ್ರೆ ಸಿಕ್ಕಿದ್ದು ಚೂರೇ ಚೂರು.
ಈಗ ಡಿಎನ್‌ಎ ನಕಲು ಮಾಡೋ ಪಿಸಿಆರ್ ಯಂತ್ರ.
95 ಡಿಗ್ರಿಗೆ ಕಾಯಿಸು, ಆರಿಸು, ಮತ್ತೆ 72.
ಸುತ್ತು ಸುತ್ತಿಗೂ ಇಮ್ಮಡಿ.
30 ಸುತ್ತಿಗೆ ಒಂದು ತುಣುಕು
ನೂರು ಕೋಟಿ ದಾಟಬಹುದು!

ದಿಮ್ಮಿಯ ಚೇಗಿನಲ್ಲಿ ಡಿಎನ್‌ಎ ಚಿಂದಿಯಾಗಿರುತ್ತೆ.
ಅದಕ್ಕೇ ಅಲ್ಲಿ ಪುಟ್ಟ ತುಣುಕನ್ನೇ ಹಿಡಿದು,
ಎಲೆಯದ್ದರ ಪಕ್ಕ ಇಟ್ಟು ತಾಳೆ ನೋಡ್ತಾರೆ.